ಡಿಸ್ಟಾರ್ಷನ್ ಪೆಡಲ್ ಆರಿಸುವುದು, ಜೋಡಿಸುವುದು, ಹದಗೊಳಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮೈಸೂರು ಮಂಡ್ಯದ ಕಡೆ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿರುವವರು ಡಿಸ್ಟಾರ್ಷನ್ ಪೆಡಲ್, ಅಂದರೆ ಗಿಟಾರ್ ಧ್ವನಿಯನ್ನು ಒಡೆದು ಒರಟಾಗಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆಯ ಕುರಿತು ಕೇಳುವ ಪ್ರಶ್ನೆಗಳು ಬಹುಪಾಲು ಮೂರೇ ದೂರುಗಳಿಗೆ ಬಂದು ನಿಲ್ಲುತ್ತವೆ. ಪೆಡಲ್ ತುಳಿದರೆ ಡಬ್ಬಿಯಲ್ಲಿ ಕೂಡಿಹಾಕಿದ ಜೇನುನೊಣಗಳಂತೆ ಸದ್ದು ಬರುತ್ತದೆ. ಮನೆಯಲ್ಲಿ ಭರ್ಜರಿಯಾಗಿದ್ದ ಧ್ವನಿ ಡ್ರಮ್ಸ್ ಶುರುವಾದೊಡನೆ ಕಾಣೆಯಾಗುತ್ತದೆ. ತಂತಿಯಿಂದ ಕೈ ತೆಗೆದರೆ ಸಾಕು, ಸ್ಪೀಕರ್ ಗುಂಯ್ ಎನ್ನತೊಡಗುತ್ತದೆ. ಇದಕ್ಕೆ ದುಬಾರಿ ಪೆಡಲ್ಲೇ ಮದ್ದೆಂದು ನಂಬಿ ಎರಡನೆಯದನ್ನೂ ಮೂರನೆಯದನ್ನೂ ಕೊಂಡು, ಅದೇ ಮೂರು ದೂರುಗಳೊಂದಿಗೆ ಮರಳಿ ಬಂದವರಿದ್ದಾರೆ. ದೋಷ ಹೆಚ್ಚಾಗಿ ಕೆಲಸದ ಕ್ರಮದಲ್ಲಿರುತ್ತದೆ: ಆಂಪ್ (ಗಿಟಾರ್ ಧ್ವನಿ ಹೊರಡಿಸುವ ಆಂಪ್ಲಿಫೈಯರ್) ಸರಿಪಡಿಸುವ ಮೊದಲೇ ಪೆಡಲ್ ಕೊಳ್ಳುತ್ತಾರೆ, ಲೆವೆಲ್ (ಪೆಡಲ್ ಹೊರಬಿಡುವ ಶಬ್ದದ ಮಟ್ಟ) ನೋಡುವ ಮೊದಲೇ ಗೇನ್ (ಧ್ವನಿ ಒಡೆಯುವ ಪ್ರಮಾಣ) ಏರಿಸುತ್ತಾರೆ, ಕೋಣೆಯಲ್ಲಿ ಹೊಂದಿಸಿದ್ದನ್ನೇ ವೇದಿಕೆಗೆ ಒಯ್ಯುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಬೇಕು. ಪೆಡಲ್ ಈಗಾಗಲೇ ಕೊಂಡಿರುವವರೂ ಮೊದಲ ಹಂತದಿಂದಲೇ ಆರಂಭಿಸುವುದು ಒಳ್ಳೆಯದು.

ಮೊದಲೇ ಸಿದ್ಧವಿರಬೇಕಾದ ಸಾಮಾನು

ಗಿಟಾರ್ ಮತ್ತು ಆಂಪ್ ಅಲ್ಲದೆ ಒಂದು ಟ್ಯೂನರ್, 6 ಮೀಟರ್ ಮೀರದ ಎರಡು ಗಿಟಾರ್ ಕೇಬಲ್, ಪೆಡಲ್‌ಗಳ ನಡುವೆ ಹಾಕಲು ಗಿಡ್ಡನೆಯ ಪ್ಯಾಚ್ ಕೇಬಲ್, ಪೆಡಲ್‌ಗೆ ಸರಿಹೊಂದುವ 9 ವೋಲ್ಟ್ ಅಡಾಪ್ಟರ್, ಒಂದು 9 ವೋಲ್ಟ್ ಬ್ಯಾಟರಿ, ಸಾಧಾರಣ ಮಲ್ಟಿಮೀಟರ್, ಎಲೆಕ್ಟ್ರಿಷಿಯನ್‌ಗಳ ಟೆಸ್ಟರ್, ಕಾಗದದ ಟೇಪು ಮತ್ತು ಪೆನ್ನು ಬೇಕು. ಬ್ಯಾಟರಿ ಪೆಡಲ್ ನಡೆಸುವುದಕ್ಕಿಂತ ಹೆಚ್ಚಾಗಿ ದೋಷ ಹುಡುಕುವುದಕ್ಕೆ ಉಪಯೋಗಕ್ಕೆ ಬರುತ್ತದೆ. ಸ್ಪೀಕರ್‌ಗೆಂದು ಮಾಡಿದ ಕೇಬಲ್ ಹೊರನೋಟಕ್ಕೆ ಗಿಟಾರ್ ಕೇಬಲ್‌ನಂತೆಯೇ ಕಾಣುತ್ತದೆ, ಆದರೆ ಅದರೊಳಗೆ ತಂತಿಯನ್ನು ಸುತ್ತುವರಿದ ಲೋಹದ ಜಾಲರಿಯಿಲ್ಲ. ಅದನ್ನು ಗಿಟಾರ್‌ಗೆ ಹಾಕಿದರೆ ಸುತ್ತಲಿನ ವಿದ್ಯುತ್ತಿನ ಸದ್ದೆಲ್ಲ ಒಳಗೆ ಬರುತ್ತದೆ.

ಹಂತ 1: ಪೆಡಲ್ ಮುಟ್ಟುವ ಮೊದಲು ಕ್ಲೀನ್ ಧ್ವನಿಯನ್ನು ಸರಿಪಡಿಸುವುದು

ಕ್ಲೀನ್ ಎಂದರೆ ಒಡೆಯದ ಧ್ವನಿ. ಪೆಡಲ್ ತನಗೆ ಬಂದದ್ದನ್ನು ಹಿಗ್ಗಿಸುತ್ತದೆ. ಬಂದದ್ದರಲ್ಲಿ ಕೊಳೆಯಿದ್ದರೆ ಕೊಳೆಯೂ ಹಿಗ್ಗುತ್ತದೆ. ತುಕ್ಕು ಹಿಡಿದ ತಂತಿಗಳನ್ನು ಬದಲಾಯಿಸಿ, ಶ್ರುತಿ ಮಾಡಿ, ಹನ್ನೆರಡನೆಯ ಫ್ರೆಟ್‌ನಲ್ಲಿ ಪ್ರತಿ ತಂತಿಯ ಹಾರ್ಮೋನಿಕ್ ಸ್ವರವನ್ನೂ (ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ಮೀಟಿದಾಗ ಬರುವುದು) ಅದೇ ಫ್ರೆಟ್ ಒತ್ತಿದಾಗ ಬರುವ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಬೇಕು. ಎರಡೂ ಒಂದೇ ಆಗಿರದಿದ್ದರೆ ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿ ಸರಿಪಡಿಸಬೇಕು. ಕ್ಲೀನ್ ಧ್ವನಿಯಲ್ಲಿ ಕಿವಿಗೆ ಬೀಳದೆ ಹೋಗುವ ಅಲ್ಪ ಅಪಸ್ವರ ಡಿಸ್ಟಾರ್ಷನ್‌ನಲ್ಲಿ ನಡುಗುವ ಒರಟು ಸದ್ದಾಗಿ ಎದ್ದು ಬರುತ್ತದೆ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ತಂತಿಗೆ ತೀರ ಹತ್ತಿರವಿದ್ದರೆ ಅದರ ಅಯಸ್ಕಾಂತ ತಂತಿಯನ್ನೇ ಎಳೆಯುವುದರಿಂದ, ದಪ್ಪ ತಂತಿಗಳ ಮೇಲಿನ ಫ್ರೆಟ್‌ಗಳಲ್ಲಿ ಒಂದೇ ಸ್ವರ ಎರಡಾಗಿ ಕೇಳಿಸುತ್ತದೆ. ಒಂದೇ ಸುರುಳಿಯ ಪಿಕಪ್ ಇರುವ ಸಿಂಗಲ್ ಕಾಯಿಲ್ ಗಿಟಾರ್‌ಗಳಲ್ಲಿ ಇದು ಹೆಚ್ಚು.

ಇನ್ನು ಆಂಪ್. ಕ್ಲೀನ್ ಚಾನೆಲ್ ಆರಿಸಿ, ಆಂಪ್‌ನದೇ ಓವರ್‌ಡ್ರೈವ್ ಗುಂಡಿಯನ್ನು ಆಫ್ ಮಾಡಿ, ರಿವರ್ಬ್ (ಅನುರಣನ) ಸೊನ್ನೆಗೆ ಇಳಿಸಿ, ಬಾಸ್, ಮಿಡಲ್, ಟ್ರೆಬಲ್ (ಮಂದ್ರ, ನಡು, ತಾರ ಭಾಗಗಳ ನಾಬ್) ಮೂರನ್ನೂ ಗಡಿಯಾರದ ಹನ್ನೆರಡು ಗಂಟೆಯ ದಿಕ್ಕಿನಲ್ಲಿ, ಅಂದರೆ ನಟ್ಟನಡುವೆ ನಿಲ್ಲಿಸಬೇಕು. ಗೇನ್ ಕಡಿಮೆಯಿರಲಿ, ಶಬ್ದವನ್ನು ವಾಲ್ಯೂಮ್‌ನಿಂದ ಏರಿಸಬೇಕು. ತೆರೆದ ಈ (E) ಮೇಜರ್ ಕಾರ್ಡ್ ಗಟ್ಟಿಯಾಗಿ ನುಡಿಸಿದಾಗ ಆರು ತಂತಿಗಳೂ ಬಿಡಿಬಿಡಿಯಾಗಿ ಕೇಳಿಸಿದರೆ ಮುಂದಿನ ಹಂತಕ್ಕೆ ಹೋಗಬಹುದು. ಈಗಲೇ ಧ್ವನಿ ಒಡೆಯುತ್ತಿದ್ದರೆ ವಾಲ್ಯೂಮ್ ತಗ್ಗಿಸಿ; ತಗ್ಗಿಸಿದ ಮೇಲೂ ಒಡೆದರೆ ಸ್ಪೀಕರಿನ ಕಾಗದ ಹರಿದಿದೆಯೇ ನೋಡಿ.

ಗಿಟಾರ್‌ನ ಜೊತೆಗೇ ಸಿಗುವ 10 ವಾಟ್‌ನ ಆಂಪ್‌ಗಳಲ್ಲಿ ಸ್ಪೀಕರ್ ಸಾಮಾನ್ಯವಾಗಿ 5 ಅಥವಾ 6 ಇಂಚಿನದು. ಅಂಥ ಸ್ಪೀಕರ್ ಮಂದ್ರ ಸ್ವರಗಳನ್ನು ತಾಳಲಾರದು, ಅವನ್ನು ಹೇರಿದರೆ ತಾನೇ ಬಡಬಡಿಸುತ್ತದೆ. ಬಾಸ್ ನಾಬ್ ಒಂಬತ್ತು ಅಥವಾ ಹತ್ತು ಗಂಟೆಗಿಂತ ಮೇಲೆ ಹೋಗದಿರಲಿ.

ಹಂತ 2: ಯಾವ ಬಗೆಯ ಪೆಡಲ್ ಎಂದು ತೀರ್ಮಾನಿಸುವುದು

ಈ ಪೆಡಲ್‌ಗಳೆಲ್ಲ ಮಾಡುವ ಕೆಲಸ ಒಂದೇ: ಗಿಟಾರ್‌ನಿಂದ ಬಂದ ಸಣ್ಣ ವಿದ್ಯುತ್ ಅಲೆಯನ್ನು ಹಲವು ಪಟ್ಟು ದೊಡ್ಡದು ಮಾಡಿ, ಒಂದು ಮಿತಿಯಾಚೆ ಏರಿದ ಅದರ ತುದಿಗಳನ್ನು ಚಪ್ಪಟೆಗೊಳಿಸುವುದು. ಮಿತಿ ಹಾಕುವುದು ಸಾಮಾನ್ಯವಾಗಿ ಡಯೋಡ್ ಎಂಬ ಪುಟ್ಟ ಬಿಡಿಭಾಗ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್‌ಗೆ, ಜರ್ಮೇನಿಯಂ ಸುಮಾರು 0.3 ವೋಲ್ಟ್‌ಗೆ, ಎಲ್‌ಇಡಿ 1.6 ವೋಲ್ಟ್ ಅಥವಾ ಇನ್ನೂ ಮೇಲೆ ಅಲೆಯನ್ನು ಕತ್ತರಿಸುತ್ತದೆ. ತುದಿಯನ್ನು ಎಷ್ಟು ಮೃದುವಾಗಿ ಅಥವಾ ಥಟ್ಟನೆ ಕತ್ತರಿಸುತ್ತದೆ ಎಂಬುದರ ಮೇಲೆ ಪೆಡಲ್‌ನ ಸ್ವಭಾವ ನಿಲ್ಲುತ್ತದೆ.

ಓವರ್‌ಡ್ರೈವ್ ಮೃದುವಾಗಿ ಕತ್ತರಿಸುತ್ತದೆ. ಐಬನೇಜ್ ಟ್ಯೂಬ್ ಸ್ಕ್ರೀಮರ್, ಬಾಸ್ (Boss) ಕಂಪನಿಯ ಎಸ್‌ಡಿ-1 ಈ ಗುಂಪಿನವು. ಟ್ಯೂಬ್ ಸ್ಕ್ರೀಮರ್‌ನ ಸರ್ಕ್ಯೂಟ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಕಡಿಮೆ ಒಡೆಯುವುದರಿಂದ ಅದರ ಧ್ವನಿಯಲ್ಲಿ ನಡುವಿನ ಭಾಗ ಉಬ್ಬಿರುತ್ತದೆ. ಒಂಟಿಯಾಗಿ ಕೇಳಿದಾಗ ಇದು ಮೂಗಿನಲ್ಲಿ ಹಾಡಿದಂತೆ ಅನಿಸುತ್ತದೆ ಎಂದು ಹಲವರು ಅಂಗಡಿಯಲ್ಲೇ ತಳ್ಳಿಹಾಕುತ್ತಾರೆ, ಆದರೆ ಬಾಸ್ ಗಿಟಾರ್ ಮತ್ತು ಡ್ರಮ್ಸ್ ಜೊತೆಯಾದಾಗ ಗಿಟಾರ್ ಕೇಳಿಸುವುದು ಇದೇ ಉಬ್ಬಿನಿಂದ. ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡು ನುಡಿಸುವವರು, ಬ್ಲೂಸ್ ಅಥವಾ ಹಳೆಯ ರಾಕ್ ಕಡೆ ಒಲವಿರುವವರು ಇಲ್ಲಿಂದ ಆರಂಭಿಸಬೇಕು.

ಡಿಸ್ಟಾರ್ಷನ್ ಪೆಡಲ್ ಅಲೆಯನ್ನು ಥಟ್ಟನೆ ಕತ್ತರಿಸುತ್ತದೆ. ಬಾಸ್ ಕಂಪನಿಯ ಡಿಎಸ್-1, ಪ್ರೊಕೊ ರ್‍ಯಾಟ್ ಬಹುಕಾಲದಿಂದ ಬಳಕೆಯಲ್ಲಿರುವ ಉದಾಹರಣೆಗಳು. ಆಂಪ್ ಕ್ಲೀನ್ ಇದ್ದರೂ ಇವು ತಾವೇ ಪೂರ್ತಿ ಭಾರವಾದ ಧ್ವನಿ ಕೊಡುತ್ತವೆ. ಕಾಲೇಜು ಫೆಸ್ಟ್‌ಗಳಲ್ಲಿ ಹಾರ್ಡ್ ರಾಕ್, ಮೆಟಲ್ ನುಡಿಸುವವರಿಗೆ, ಸ್ವಂತ ಆಂಪ್ ಇಲ್ಲದೆ ಸಿಕ್ಕ ಆಂಪ್‌ನಲ್ಲಿ ನುಡಿಸಬೇಕಾದವರಿಗೆ ಇದು ಸೂಕ್ತ. ಬಾಸ್ ಕಂಪನಿಯ ಮೆಟಲ್ ಜೋನ್‌ನಂಥ ಪೆಡಲ್ ಮೊದಲನೆಯದಾಗಿ ಬೇಡವೆಂಬುದು ನನ್ನ ಸಲಹೆ. ಪೆಡಲ್ ಕೆಟ್ಟದ್ದೆಂದಲ್ಲ, ಅದರ ನಡುವಿನ ಸ್ವರಗಳ ನಾಬ್‌ಗೆ 200 ಹರ್ಟ್ಸ್‌ನಿಂದ 5 ಕಿಲೋ ಹರ್ಟ್ಸ್‌ವರೆಗಿನ ಹರವಿದ್ದು, ಕಿವಿ ಪಳಗದವರು ತಿರುಗಿಸಿದರೆ ಧ್ವನಿ ಕೆಡುವ ದಾರಿಗಳೇ ಹೆಚ್ಚು.

ಫಜ್ ಅಲೆಯನ್ನು ಬಹುತೇಕ ಚೌಕವಾಗಿಸುತ್ತದೆ. ಫಜ್ ಫೇಸ್, ಬಿಗ್ ಮಫ್ ಇದರ ಎರಡು ಕವಲುಗಳು. ಬಿಗ್ ಮಫ್‌ನ ಟೋನ್ ಸರ್ಕ್ಯೂಟ್ ನಡುವಿನ ಸ್ವರಗಳನ್ನು ತಗ್ಗಿಸುವುದರಿಂದ ತಂಡದ ನಡುವೆ ಅದನ್ನು ಕೇಳಿಸುವುದು ಅನುಭವಸ್ಥರಿಗೂ ಕಷ್ಟ. ಎರಡನೆಯ ಅಥವಾ ಮೂರನೆಯ ಪೆಡಲ್ ಆಗಿ ಬರಲಿ.

ಪಿಕಪ್ ಕೂಡ ಲೆಕ್ಕಕ್ಕೆ ಬರಬೇಕು. ಸಿಂಗಲ್ ಕಾಯಿಲ್ ಗಿಟಾರ್‌ಗೆ ನಡುಭಾಗ ಉಬ್ಬಿದ ಓವರ್‌ಡ್ರೈವ್ ಮೈ ತುಂಬಿಕೊಡುತ್ತದೆ. ಅದೇ ಪೆಡಲ್ ಹಂಬಕರ್ (ಜೋಡಿ ಸುರುಳಿಯ ಪಿಕಪ್) ಗಿಟಾರ್‌ನ ನೆಕ್ ಪಿಕಪ್‌ನಲ್ಲಿ (ಕತ್ತಿನ ಕಡೆಯದು) ಮಬ್ಬಾಗಿ ಕೇಳಬಹುದು. ಹಂಬಕರ್‌ನ ಸಿಗ್ನಲ್ ಬಲವಾದದ್ದರಿಂದ ಅದಕ್ಕೆ ಗೇನ್ ಕಡಿಮೆ ಸಾಕು.

ಹಂತ 3: ಅಂಗಡಿಯಲ್ಲಿ ಪರೀಕ್ಷಿಸುವುದು

ಸ್ವಂತ ಗಿಟಾರ್ ಮತ್ತು ಕೇಬಲ್ ಒಯ್ಯಬೇಕು. ಮೈಸೂರಿನ ಅಂಗಡಿಗಳಲ್ಲಿ ಬೇಕಾದ ಮಾದರಿ ಸಿಗದೆ ಬೆಂಗಳೂರಿಗೆ ಹೋಗುವವರು ರೈಲಿನಲ್ಲಿ ಗಿಟಾರ್ ಹೊರುವುದು ತೊಂದರೆಯೆಂದು ಬರಿಗೈಯಲ್ಲಿ ಹೋಗಿ, ಅಂಗಡಿಯ ಉತ್ತಮ ಗಿಟಾರ್‌ನಲ್ಲಿ, ದೊಡ್ಡ ಆಂಪ್‌ನಲ್ಲಿ ಕೇಳಿ ಮರುಳಾಗಿ ಬರುತ್ತಾರೆ. ಮನೆಯ 15 ವಾಟ್‌ನ ಆಂಪ್‌ನಲ್ಲಿ ಆ ಧ್ವನಿ ಬರುವುದಿಲ್ಲ. ಮನೆಯಲ್ಲಿರುವಷ್ಟೇ ಗಾತ್ರದ ಆಂಪ್‌ನಲ್ಲಿ ಕ್ಲೀನ್ ಚಾನೆಲ್ ಹಾಕಿಕೊಡಲು ಕೇಳಿ.

ಗೇನ್ ಅನ್ನು ಕನಿಷ್ಠದಲ್ಲಿಟ್ಟು ಮೊದಲು ಕೇಳಬೇಕು. ಗೇನ್ ಪೂರ್ತಿ ಏರಿಸಿದಾಗ ಹೆಚ್ಚಿನ ಪೆಡಲ್‌ಗಳು ಒಂದೇ ತೆರನಾಗಿ ಕೇಳುತ್ತವೆ, ಅವುಗಳ ಗುಣ ತಿಳಿಯುವುದು ಕೆಳಗಿನ ಅರ್ಧದಲ್ಲಿ. ಆಮೇಲೆ ಗಿಟಾರ್‌ನ ವಾಲ್ಯೂಮ್ ನಾಬ್ ಅನ್ನು ಅರ್ಧಕ್ಕೆ ಇಳಿಸಿ ನೋಡಿ: ಧ್ವನಿ ತಿಳಿಯಾಗುತ್ತಾ ಹೋದರೆ ಆ ಪೆಡಲ್ ಕೈಯ ಮಾತು ಕೇಳುತ್ತದೆ, ಒಡಕು ಹಾಗೆಯೇ ಉಳಿದು ಶಬ್ದ ಮಾತ್ರ ಕಡಿಮೆಯಾದರೆ ಅದರೊಂದಿಗೆ ಹಾಡಿನುದ್ದಕ್ಕೂ ಏಗುವುದು ಕಷ್ಟ.

ಬಳಸಿದ ಪೆಡಲ್ ಕೊಳ್ಳುವುದರಲ್ಲಿ ತಪ್ಪಿಲ್ಲ, ಈ ವಸ್ತುಗಳು ಗಟ್ಟಿಮುಟ್ಟು. ಬ್ಯಾಟರಿ ಗೂಡು ತೆರೆದು ಹಸಿರು ಅಥವಾ ಬಿಳಿ ಪುಡಿ ಇದೆಯೇ ನೋಡಬೇಕು. ಜ್ಯಾಕ್‌ಗೆ ಹಾಕಿದ ಪ್ಲಗ್ ಅಲುಗಾಡಿಸಿದಾಗ ಧ್ವನಿ ಕಡಿಯಬಾರದು. ನಾಬ್ ತಿರುಗಿಸಿದಾಗ ಚರಚರ ಎಂದರೆ ಬೆಲೆ ಇಳಿಸಲು ಕಾರಣವಾಗಬಹುದು, ಬಿಟ್ಟುಬಿಡಲು ಕಾರಣವಾಗಬೇಕಿಲ್ಲ. ಕಾಲಿನಿಂದ ಒತ್ತುವ ಸ್ವಿಚ್ ಒಮ್ಮೆ ಹಿಡಿದು ಒಮ್ಮೆ ಹಿಡಿಯದಿದ್ದರೆ ಮಾತ್ರ ಬೇಡ. ಹೆಸರಾಂತ ಪೆಡಲ್ ಮಾರುಕಟ್ಟೆ ಬೆಲೆಯ ಕಾಲುಭಾಗಕ್ಕೆ ಹೊಸದಾಗಿ ಸಿಗುತ್ತಿದೆಯೆಂದರೆ ಅದು ನಕಲಿ ಎಂದೇ ತಿಳಿಯಬೇಕು.

ಹಂತ 4: ವಿದ್ಯುತ್ ಸರಿಯಾಗಿ ಕೊಡುವುದು

ಹೆಚ್ಚಿನ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್‌ನ ನಡುಭಾಗ ಮೈನಸ್. ಮನೆಯಲ್ಲಿ ಬಿದ್ದಿರುವ ರೂಟರ್‌ನ, ಸೆಟ್ ಟಾಪ್ ಬಾಕ್ಸ್‌ನ ಅಡಾಪ್ಟರ್‌ನ ಪಿನ್ನೂ ಅದೇ ಗಾತ್ರದ್ದಿರುವುದರಿಂದ ಸಲೀಸಾಗಿ ಕೂರುತ್ತದೆ, ಅಪಾಯವಿರುವುದೂ ಅಲ್ಲೇ: ಅವುಗಳಲ್ಲಿ ನಡುಭಾಗ ಸಾಮಾನ್ಯವಾಗಿ ಪ್ಲಸ್, ವೋಲ್ಟೇಜ್ ಹಲವು ಬಾರಿ 12. ಒಳಗಿನ ರಕ್ಷಣಾ ಡಯೋಡ್ ಕರಟಿ ಪೆಡಲ್ ಸುಮ್ಮನಾಗಲು ಒಂದು ಕ್ಷಣ ಸಾಕು. ಅಡಾಪ್ಟರ್ ಮೇಲಿನ ವೃತ್ತದ ಗುರುತನ್ನು ಪೆಡಲ್ ಮೇಲಿನ ಗುರುತಿನೊಂದಿಗೆ ಹೋಲಿಸಿ, ಸಂದೇಹವಿದ್ದರೆ ಮಲ್ಟಿಮೀಟರ್‌ನ ಕೆಂಪು ಕಡ್ಡಿಯನ್ನು ಪಿನ್‌ನ ಒಳಭಾಗಕ್ಕೆ, ಕಪ್ಪು ಕಡ್ಡಿಯನ್ನು ಹೊರಭಾಗಕ್ಕೆ ಹಿಡಿದು ನೋಡಬೇಕು. ಅಂಕಿಯ ಮುಂದೆ ಮೈನಸ್ ಚಿಹ್ನೆ ಬಂದರೆ ಸರಿಯಿದೆ.

ಅಡಾಪ್ಟರ್ ಕೊಡಬಲ್ಲ ಕರೆಂಟ್ ಪೆಡಲ್ ಬೇಡುವುದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ, ಕಡಿಮೆಯಿರಬಾರದು. ಸಾಧಾರಣ ಅನಲಾಗ್ ಡಿಸ್ಟಾರ್ಷನ್ ಪೆಡಲ್‌ಗೆ ಕೆಲವೇ ಮಿಲಿ ಆಂಪಿಯರ್ ಸಾಕಾದರೆ, ಡಿಜಿಟಲ್ ಡಿಲೇ (ಪ್ರತಿಧ್ವನಿಯ ಪೆಡಲ್) ಅಥವಾ ರಿವರ್ಬ್‌ಗೆ 100 ಮಿಲಿ ಆಂಪಿಯರ್‌ಗೂ ಮೇಲೆ ಬೇಕಾಗಬಹುದು. ಒಂದೇ ಅಡಾಪ್ಟರ್‌ನಿಂದ ಕವಲೊಡೆದ ವೈರಿನಲ್ಲಿ ಡಿಜಿಟಲ್ ಪೆಡಲ್ಲನ್ನೂ ಡಿಸ್ಟಾರ್ಷನ್ ಪೆಡಲ್ಲನ್ನೂ ನಡೆಸಿದರೆ ಸಣ್ಣನೆಯ ಕೀ ಎಂಬ ಸದ್ದು ಸೇರಿಕೊಳ್ಳುವುದುಂಟು. ಆಗ ಎರಡಕ್ಕೂ ಬೇರೆ ಬೇರೆ ಅಡಾಪ್ಟರ್ ಅಥವಾ ಪ್ರತ್ಯೇಕ ಔಟ್‌ಪುಟ್‌ಗಳಿರುವ ಪವರ್ ಸಪ್ಲೈ ಬೇಕು. ಹಳೆಯ ಮಾದರಿಯ ಕೆಲವು ಜರ್ಮೇನಿಯಂ ಫಜ್‌ಗಳಲ್ಲಿ ಪ್ಲಸ್ ಕಡೆಯೇ ಗ್ರೌಂಡ್ ಆಗಿರುತ್ತದೆ, ಅವನ್ನು ಬೇರೆ ಪೆಡಲ್‌ಗಳ ಅಡಾಪ್ಟರ್‌ಗೆ ಸೇರಿಸಲೇಬಾರದು.

ಬ್ಯಾಟರಿಯಲ್ಲಿ ನಡೆಸುವವರಿಗೆ ಒಂದು ಮಾತು: ಇನ್‌ಪುಟ್ ಜ್ಯಾಕ್‌ನಲ್ಲಿ ಪ್ಲಗ್ ಇರುವಷ್ಟು ಹೊತ್ತೂ, ಪೆಡಲ್ ಆಫ್ ಇದ್ದರೂ, ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಹಂತ 5: ಜೋಡಣೆಯ ಕ್ರಮ

ಗಿಟಾರ್‌ನಿಂದ ಹೊರಟು ಟ್ಯೂನರ್, ವಾಹ್ (ಕಾಲಿನಿಂದ ಧ್ವನಿಯ ಬಣ್ಣ ಬದಲಿಸುವುದು), ಕಂಪ್ರೆಸರ್ (ಶಬ್ದದ ಏರಿಳಿತ ತಗ್ಗಿಸುವುದು), ಓವರ್‌ಡ್ರೈವ್, ಡಿಸ್ಟಾರ್ಷನ್, ನಾಯ್ಸ್ ಗೇಟ್ (ನುಡಿಸದಿರುವಾಗಿನ ಸದ್ದು ಮುಚ್ಚುವುದು), ಕೋರಸ್‌ನಂಥವು (ಒಂದು ಗಿಟಾರ್ ಹಲವಾಗಿ ಕೇಳಿಸುವುದು), ಡಿಲೇ, ರಿವರ್ಬ್, ಕೊನೆಗೆ ಆಂಪ್ ಎಂಬ ಕ್ರಮ ಹೆಚ್ಚಿನವರಿಗೆ ಒಗ್ಗುತ್ತದೆ. ಡಿಲೇ ಮತ್ತು ರಿವರ್ಬ್ ಡಿಸ್ಟಾರ್ಷನ್‌ಗಿಂತ ಮೊದಲು ಬಂದರೆ ಪ್ರತಿಧ್ವನಿಗಳೂ ಒಡೆದು ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತವೆ. ಫಜ್ ಫೇಸ್ ಬಗೆಯ ಪೆಡಲ್ ಮಾತ್ರ ಗಿಟಾರ್‌ನ ಪಕ್ಕದಲ್ಲೇ ಇರಬೇಕು. ಅದು ಪಿಕಪ್‌ನೊಂದಿಗೆ ನೇರ ಸಂಪರ್ಕ ಬಯಸುತ್ತದೆ; ನಡುವೆ ಬಫರ್ (ಸಿಗ್ನಲ್‌ಗೆ ಬಲ ಕೊಡುವ ಸರ್ಕ್ಯೂಟ್) ಇರುವ ಪೆಡಲ್ ಅಥವಾ ವೈರ್‌ಲೆಸ್ ರಿಸೀವರ್ ಬಂದರೆ ಧ್ವನಿ ಚುಚ್ಚುವಂತಾಗುತ್ತದೆ.

ಓವರ್‌ಡ್ರೈವ್ ಮತ್ತು ಡಿಸ್ಟಾರ್ಷನ್ ಎರಡೂ ಇದ್ದವರು ಓವರ್‌ಡ್ರೈವ್‌ನ ಡ್ರೈವ್ ಅನ್ನು ಬಹುತೇಕ ಸೊನ್ನೆಗಿಳಿಸಿ, ಲೆವೆಲ್ ಏರಿಸಿ, ಅದನ್ನು ಡಿಸ್ಟಾರ್ಷನ್‌ನ ಮುಂದೆ ಇಟ್ಟು ನೋಡಬೇಕು. ಒಡೆಯುವ ಮೊದಲೇ ಮಂದ್ರದ ಭಾಗ ತಗ್ಗುವುದರಿಂದ ಭಾರವಾದ ರಿಫ್‌ಗಳು (ಮರುಕಳಿಸುವ ಸ್ವರಗುಚ್ಛಗಳು) ಬಿಗಿಯಾಗುತ್ತವೆ.

ಇಲ್ಲಿ ಎಚ್ಚರ ತಪ್ಪಬಾರದ ಒಂದು ಸಂಗತಿಯಿದೆ. ಆಂಪ್‌ನ ಹಿಂಭಾಗದ ಸ್ಪೀಕರ್ ಔಟ್‌ಪುಟ್ ಅನ್ನು ಯಾವ ಪೆಡಲ್‌ಗೂ, ಮಿಕ್ಸರ್‌ಗೂ ಜೋಡಿಸಕೂಡದು. ವಾಲ್ವ್ ಆಂಪ್ (ಗಾಜಿನ ಟ್ಯೂಬ್ ಇರುವುದು) ಆಗಿದ್ದರೆ ಸ್ಪೀಕರ್ ಜೋಡಿಸದೆ ಆನ್ ಮಾಡಲೂಬಾರದು, ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಹಂತ 6: ನಾಬ್ ತಿರುಗಿಸುವ ಕ್ರಮ

ಹೆಚ್ಚಿನ ಧ್ವನಿಗಳು ಕೆಡುವುದು ಈ ಹಂತದಲ್ಲಿ. ಪೆಡಲ್ ಆಫ್ ಇರುವಾಗ ಅದರ ಲೆವೆಲ್ ಮತ್ತು ಗೇನ್ ಎರಡನ್ನೂ ಸೊನ್ನೆಗೆ ಇಳಿಸಿ, ಟೋನ್ ಅನ್ನು ಹನ್ನೆರಡು ಗಂಟೆಗೆ ನಿಲ್ಲಿಸಿ. ಪೆಡಲ್ ಆನ್ ಮಾಡಿ, ಒಂದೇ ಕಾರ್ಡ್ ನುಡಿಸುತ್ತಾ, ಆನ್ ಇದ್ದಾಗಲೂ ಆಫ್ ಇದ್ದಾಗಲೂ ಶಬ್ದ ಒಂದೇ ಮಟ್ಟದಲ್ಲಿ ಕೇಳುವವರೆಗೆ ಲೆವೆಲ್ ಏರಿಸಬೇಕು. ಶಬ್ದ ಜಾಸ್ತಿಯಾದದ್ದೆಲ್ಲ ಕಿವಿಗೆ ಚೆನ್ನಾಗಿಯೇ ಕೇಳುವುದರಿಂದ, ಮಟ್ಟ ಸಮ ಮಾಡದೆ ಯಾವ ಪೆಡಲ್‌ನ ಬಗೆಗೂ ತೀರ್ಪು ಕೊಡಲಾಗದು.

ಆಮೇಲೆ ಗೇನ್. ಹಾಡಿನಲ್ಲಿ ನುಡಿಸಬೇಕಾದ ಭಾಗವನ್ನೇ ನುಡಿಸುತ್ತಾ ನಿಧಾನವಾಗಿ ಏರಿಸಿ. ಬೇಕಾದಷ್ಟು ಹೊತ್ತು ಸ್ವರ ನಿಲ್ಲತೊಡಗಿದ ಕೂಡಲೇ ನಿಲ್ಲಿಸಿ, ಅಲ್ಲಿಂದ ತುಸು ಹಿಂದಕ್ಕೆ ಬನ್ನಿ. ಗೇನ್ ಏರಿದಂತೆ ಒಟ್ಟು ಶಬ್ದವೂ ಏರಿರುತ್ತದೆ, ಲೆವೆಲ್ ಅನ್ನು ಮತ್ತೆ ಇಳಿಸಿ ಸಮ ಮಾಡಬೇಕು. ಹೀಗೆ ಎರಡು ಮೂರು ಸುತ್ತು ಬಂದಾಗ ನಾಬ್ ಹತ್ತರಿಂದ ಒಂದು ಗಂಟೆಯ ನಡುವೆ ಎಲ್ಲೋ ನಿಂತಿರುತ್ತದೆ. ಧ್ವನಿಮುದ್ರಣಗಳಲ್ಲಿ ಕೇಳುವ ಆ ದೈತ್ಯ ಧ್ವನಿಗೆ ಗೇನ್ ಪೂರ್ತಿ ಬೇಕೆಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅಲ್ಲಿ ಅನೇಕ ಬಾರಿ ಒಂದೇ ಭಾಗವನ್ನು ಸಾಧಾರಣ ಗೇನ್‌ನಲ್ಲಿ ಎರಡು ಅಥವಾ ನಾಲ್ಕು ಸಲ ನುಡಿಸಿ ಒಂದರ ಮೇಲೊಂದು ಸೇರಿಸಿರುತ್ತಾರೆ.

ಗೇನ್ ಹೆಚ್ಚಾಗಿದೆ ಎನ್ನುವುದಕ್ಕೆ ಗುರುತುಗಳಿವೆ. ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಶಬ್ದ ಒಂದೇ ಆಗಿದ್ದರೆ, ಎರಡು ತಂತಿಗಳನ್ನು ಒಟ್ಟಿಗೆ ನುಡಿಸಿದಾಗ ಅವು ಯಾವ ಸ್ವರಗಳೆಂದು ಗುರುತಿಸಲಾಗದಿದ್ದರೆ, ಬೆರಳು ಜಾರಿಸುವ ಸದ್ದು ಸ್ವರಕ್ಕಿಂತ ಜೋರಾಗಿದ್ದರೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದರೂ ಮೌನ ಬರದಿದ್ದರೆ, ಗೇನ್ ಇಳಿಸಬೇಕು.

ಟೋನ್ ನಾಬ್ ಅನ್ನು ಬ್ರಿಡ್ಜ್ ಪಿಕಪ್‌ನಲ್ಲಿ, ತೆಳು ತಂತಿಗಳಲ್ಲಿ ನುಡಿಸುತ್ತಾ ಹೊಂದಿಸಿ. ಕಿವಿ ಚುಚ್ಚುವುದು ನಿಂತ ಜಾಗದಲ್ಲಿ ಬಿಟ್ಟರಾಯಿತು. ರ್‍ಯಾಟ್‌ನ ಫಿಲ್ಟರ್ ನಾಬ್ ಮಾತ್ರ ಉಲ್ಟಾ, ಬಲಕ್ಕೆ ತಿರುಗಿಸಿದಂತೆ ಧ್ವನಿ ಮಂಕಾಗುತ್ತದೆ.

ಈಗ ಆಂಪ್‌ನ ಮಿಡಲ್. ಬಾಸ್ ಮತ್ತು ಟ್ರೆಬಲ್ ಏರಿಸಿ ಮಿಡಲ್ ಸೊನ್ನೆ ಮಾಡುವ ಅಭ್ಯಾಸ ಎಲ್ಲೆಲ್ಲೂ ಇದೆ, ಡ್ರಮ್ಸ್ ಶುರುವಾದೊಡನೆ ಗಿಟಾರ್ ಕಾಣೆಯಾಗುವುದು ಇದರಿಂದಲೇ. ಕಡಿಮೆ ಶಬ್ದದಲ್ಲಿ ನಮ್ಮ ಕಿವಿಗೆ ತೀರ ಮಂದ್ರ, ತೀರ ತಾರ ಸ್ವರಗಳು ಸರಿಯಾಗಿ ಕೇಳುವುದಿಲ್ಲ. ರಾತ್ರಿ ಕುವೆಂಪುನಗರದ ಮನೆಯೊಂದರಲ್ಲಿ ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ನುಡಿಸುವವರು ಆ ಕೊರತೆ ತುಂಬಲು ಅವೆರಡನ್ನೂ ಏರಿಸುತ್ತಾರೆ. ವೇದಿಕೆಯ ಶಬ್ದದಲ್ಲಿ ಕಿವಿ ಅವನ್ನು ಚೆನ್ನಾಗಿಯೇ ಕೇಳುತ್ತದೆ. ಏರಿಸಿದ ಮಂದ್ರ ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್‌ನೊಂದಿಗೆ ಗುದ್ದಾಡುತ್ತದೆ, ಏರಿಸಿದ ತಾರ ಸಿಂಬಲ್‌ನಲ್ಲಿ ಕರಗುತ್ತದೆ, ಗಿಟಾರ್‌ಗೆಂದೇ ಇರುವ ಸುಮಾರು 400 ಹರ್ಟ್ಸ್‌ನಿಂದ 2 ಕಿಲೋ ಹರ್ಟ್ಸ್‌ವರೆಗಿನ ಜಾಗ ಖಾಲಿ ಬೀಳುತ್ತದೆ. ಮಿಡಲ್ ಹನ್ನೆರಡರಿಂದ ಎರಡು ಗಂಟೆಯ ನಡುವೆ ಇರಲಿ. ಒಬ್ಬರೇ ನುಡಿಸುವಾಗ ಇದು ರುಚಿಸದಿರಬಹುದು, ಸಹಿಸಿಕೊಳ್ಳಬೇಕು.

ಹದ ಸಿಕ್ಕ ಮೇಲೆ ಪ್ರತಿ ನಾಬ್‌ನ ಪಕ್ಕದಲ್ಲಿ ಕಾಗದದ ಟೇಪಿನ ಚೂರು ಅಂಟಿಸಿ ಪೆನ್ನಿನಿಂದ ಗೆರೆ ಎಳೆದಿಡಿ. ಬ್ಯಾಗಿನೊಳಗೆ ಹೋಗಿ ಹೊರಬರುವಷ್ಟರಲ್ಲಿ ನಾಬ್‌ಗಳು ತಿರುಗಿರುತ್ತವೆ.

ಹಂತ 7: ಕೈಯನ್ನು ಪೆಡಲ್‌ಗೆ ಒಗ್ಗಿಸುವುದು

ಎರಡು ಸ್ವರಗಳು ಒಟ್ಟಿಗೆ ಡಿಸ್ಟಾರ್ಷನ್‌ನೊಳಗೆ ಹೋದಾಗ ಅವುಗಳ ವ್ಯತ್ಯಾಸದ ಮೂರನೆಯ ಸ್ವರವೊಂದು ಹುಟ್ಟುತ್ತದೆ. ದಪ್ಪ ಈ (E) ತಂತಿಯ 82 ಹರ್ಟ್ಸ್, ಅದರ ಪಂಚಮವಾದ 123 ಹರ್ಟ್ಸ್, ಇವೆರಡರ ವ್ಯತ್ಯಾಸ 41. ಅದು ಈ (E) ಸ್ವರದ್ದೇ ಕೆಳಸ್ಥಾಯಿಯಾದ್ದರಿಂದ ಇಂಥ ಎರಡು ಸ್ವರಗಳ ಪವರ್ ಕಾರ್ಡ್ ಅಷ್ಟು ದಪ್ಪವಾಗಿ, ಸ್ಪಷ್ಟವಾಗಿ ಕೇಳುತ್ತದೆ. ಮೇಜರ್ ಕಾರ್ಡ್‌ನಲ್ಲಿರುವ ಅಂತರ ಗಾಂಧಾರ ಗಿಟಾರ್‌ನ ಫ್ರೆಟ್‌ಗಳ ಲೆಕ್ಕದಲ್ಲಿ ಶುದ್ಧ ಸ್ಥಾನಕ್ಕಿಂತ ಸುಮಾರು 14 ಸೆಂಟ್ (ಒಂದು ಫ್ರೆಟ್ ಅಂತರದ ನೂರರಲ್ಲಿ 14 ಪಾಲು) ಮೇಲಿರುತ್ತದೆ. ಕ್ಲೀನ್ ಧ್ವನಿಯಲ್ಲಿ ಇದು ತಿಳಿಯದು, ಒಡೆದ ಧ್ವನಿಯಲ್ಲಿ ಕರಕರ ಎನ್ನುತ್ತದೆ. ಆದ್ದರಿಂದ ಗೇನ್ ಹೆಚ್ಚಿದ್ದಾಗ ಆರು ತಂತಿಗಳ ಪೂರ್ತಿ ಕಾರ್ಡ್ ಬಿಟ್ಟು ಎರಡು ಮೂರು ತಂತಿಗಳಿಗೆ ಇಳಿಯಬೇಕು, ಪೂರ್ತಿ ಕಾರ್ಡ್ ಬೇಕೇಬೇಕಿದ್ದಲ್ಲಿ ಗಿಟಾರ್‌ನ ವಾಲ್ಯೂಮ್ ಇಳಿಸಬೇಕು.

ನುಡಿಸದ ತಂತಿಗಳನ್ನು ಸುಮ್ಮನಿರಿಸುವುದು ಅರ್ಧ ಕೆಲಸ. ಬಲಗೈಯ ಅಂಗೈ ಅಂಚು ಬ್ರಿಡ್ಜ್‌ನ ಬಳಿ ದಪ್ಪ ತಂತಿಗಳ ಮೇಲೆ ಒರಗಿರಬೇಕು, ಎಡಗೈಯ ತೋರುಬೆರಳಿನ ಕೆಳಭಾಗ ತೆಳು ತಂತಿಗಳನ್ನು ಮುಟ್ಟಿರಬೇಕು.

ಮೈಸೂರಿನಲ್ಲಿ ವೀಣೆ ಅಥವಾ ಪಿಟೀಲು ಕಲಿತು ಆಮೇಲೆ ಗಿಟಾರ್ ಹಿಡಿದವರು ಕಡಿಮೆಯಿಲ್ಲ, ಅವರಿಗೊಂದು ಮಾತು. ಡಿಸ್ಟಾರ್ಷನ್‌ನಲ್ಲಿ ಸ್ವರ ಬೇಗ ಆರದಿರುವುದರಿಂದ ತಂತಿ ಎಳೆದು ಗಮಕ ನುಡಿಸಲು ಬೇಕಾದಷ್ಟು ಸಮಯ ಸಿಗುತ್ತದೆ. ತೋಡಿಯ ಗಾಂಧಾರದ ಆಂದೋಲನವನ್ನು ಒಂದೇ ಮೀಟಿನಲ್ಲಿ ಮುಗಿಸಬಹುದು. ಅದಕ್ಕೆ ಓವರ್‌ಡ್ರೈವ್‌ನ ಸಣ್ಣ ಗೇನ್, ನೆಕ್ ಪಿಕಪ್ ಸಾಕು. ಆದರೆ ಷಡ್ಜಕ್ಕೆಂದು ತೆರೆದ ತಂತಿಯನ್ನು ಅದೇ ಪೆಡಲ್‌ನೊಳಗೆ ಮೊಳಗಿಸುತ್ತಿದ್ದರೆ, ಮೇಲೆ ಹೇಳಿದ ವ್ಯತ್ಯಾಸದ ಸ್ವರ ರಾಗದಲ್ಲಿಲ್ಲದ ಕಡೆಯೆಲ್ಲ ಬಂದು ಕೂರುತ್ತದೆ. ಶ್ರುತಿ ಬೇರೆ ಸ್ಪೀಕರ್‌ನಿಂದ ಬರಲಿ.

ಹಂತ 8: ಗುಂಯ್ ಸದ್ದಿನ ಮೂಲ ಹುಡುಕುವುದು

ಗಿಟಾರ್‌ನ ವಾಲ್ಯೂಮ್ ಸೊನ್ನೆ ಮಾಡಿ. ಸದ್ದು ನಿಂತರೆ ಅದು ಪಿಕಪ್‌ನಿಂದ ಬರುತ್ತಿದೆ. ನಿಲ್ಲದಿದ್ದರೆ ಕೇಬಲ್, ಪೆಡಲ್ ಅಥವಾ ವಿದ್ಯುತ್ತಿನ ಕಡೆ ನೋಡಬೇಕು. ಪಿಕಪ್‌ನದಾದರೆ ಕುಳಿತ ಜಾಗದಲ್ಲೇ ಕಾಲು ಸುತ್ತು ತಿರುಗಿ ನೋಡಿ, ಸದ್ದು ಹೆಚ್ಚು ಕಡಿಮೆಯಾದರೆ ಹತ್ತಿರದಲ್ಲಿ ಟ್ರಾನ್ಸ್‌ಫಾರ್ಮರ್, ಚೋಕ್ ಇರುವ ಟ್ಯೂಬ್‌ಲೈಟ್, ಫ್ಯಾನಿನ ರೆಗ್ಯುಲೇಟರ್ ಏನಾದರೂ ಇರುತ್ತದೆ. ದೂರ ಸರಿಯಬೇಕು. ಅಡಾಪ್ಟರ್ ಕಳಚಿ ಬ್ಯಾಟರಿಯಲ್ಲಿ ನಡೆಸಿದಾಗ ಸದ್ದು ಹೋದರೆ ತಪ್ಪು ಅಡಾಪ್ಟರ್‌ನದು. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಸದ್ದು ಬರುವುದಾದರೆ, ಅದು ಚೌಕ ಅಲೆಯ ಇನ್ವರ್ಟರ್ ಆಗಿರುತ್ತದೆ. ಪೆಡಲ್ ಬಿಚ್ಚಿ ನೋಡುವ ಅಗತ್ಯವಿಲ್ಲ.

ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ಸಹಜ. ಮುಟ್ಟಿದಾಗ ಹೆಚ್ಚಾದರೆ ಗಿಟಾರ್‌ನ ಒಳಗಿನ ಗ್ರೌಂಡ್ ವೈರ್ ಬಿಟ್ಟಿರಬಹುದು. ಮುಟ್ಟಿದಾಗ ಬೆರಳು ಜುಮ್ಮೆಂದರೆ ತಕ್ಷಣ ಪ್ಲಗ್ ಕೀಳಬೇಕು, ಅದು ಅರ್ಥಿಂಗ್ ಇಲ್ಲದ ಗುರುತು. ಹಳೆಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಮೇಲಿನ ರಂಧ್ರಕ್ಕೆ ವೈರೇ ಇರುವುದಿಲ್ಲ. ಸದ್ದು ಹೋಗಲೆಂದು ಆಂಪ್‌ನ ಪ್ಲಗ್‌ನಿಂದ ದಪ್ಪ ಪಿನ್ ಮುರಿದು ಹಾಕುವವರೂ ಇದ್ದಾರೆ, ಅದು ಜೀವಕ್ಕೆ ಅಪಾಯ.

ನಾಯ್ಸ್ ಗೇಟ್ ಕೊಳ್ಳುವುದು ಇದೆಲ್ಲ ಮುಗಿದ ಮೇಲೆ. ಅದು ನುಡಿಸದಿರುವಾಗಿನ ಸದ್ದನ್ನು ಮಾತ್ರ ಮುಚ್ಚುತ್ತದೆ, ನುಡಿಸುವಾಗ ಸದ್ದು ಸ್ವರದೊಂದಿಗೇ ಹೊರಬರುತ್ತದೆ. ಥ್ರೆಶೋಲ್ಡ್ (ಯಾವ ಮಟ್ಟಕ್ಕಿಂತ ಕೆಳಗಿನದನ್ನು ಮುಚ್ಚಬೇಕೆಂಬ ಮಿತಿ) ಜಾಸ್ತಿಯಿಟ್ಟರೆ ನಿಂತ ಸ್ವರದ ಬಾಲವನ್ನೂ ಕತ್ತರಿಸುತ್ತದೆ.

ಹಂತ 9: ವೇದಿಕೆಗೆ ಒಯ್ಯುವುದು

ಮಂಡ್ಯದ ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ಮೈಸೂರಿನ ಕಾಲೇಜು ಫೆಸ್ಟ್ ಇರಲಿ, ಗಿಟಾರ್ ಆಂಪ್ ಸಿಗುವುದು ಅಪರೂಪ. ಸೌಂಡ್ ನೋಡಿಕೊಳ್ಳುವವರು ಕೈಗೊಂದು ವೈರ್ ಕೊಟ್ಟು, “ಅಣ್ಣಾ, ಇದಕ್ಕೇ ಚುಚ್ಕೊಳ್ಳಿ, ಡೈರೆಕ್ಟ್ ಮಿಕ್ಸರ್‌ಗೆ ಹೋಗುತ್ತೆ” ಎನ್ನುತ್ತಾರೆ. ಡಿಸ್ಟಾರ್ಷನ್ ಪೆಡಲ್‌ನಿಂದ ನೇರ ಮಿಕ್ಸರ್‌ಗೆ ಹೋದಾಗ ಮೊದಲು ಹೇಳಿದ ಝೇಂಕಾರ ಹುಟ್ಟುತ್ತದೆ. ಕಾರಣ ಸರಳ: ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋ ಹರ್ಟ್ಸ್‌ಗಿಂತ ಮೇಲಿನದನ್ನು ಅಷ್ಟಾಗಿ ಹೊರಡಿಸುವುದಿಲ್ಲ, ಒಡೆದ ಧ್ವನಿಯ ಚೂಪುತನವೆಲ್ಲ ಅಲ್ಲೇ ಸೋಸಿಹೋಗುತ್ತದೆ, ಸಭೆಗೆ ಇಟ್ಟ ದೊಡ್ಡ ಸ್ಪೀಕರ್‌ಗಳಲ್ಲಿ ಟ್ವೀಟರ್ ಇರುವುದರಿಂದ ಎಲ್ಲವೂ ಹಾಗೇ ಹೊರಬರುತ್ತದೆ.

ಉತ್ತಮ ಪರಿಹಾರವೆಂದರೆ ಸರಣಿಯ ಕೊನೆಯಲ್ಲಿ, ಗಿಟಾರ್ ಸ್ಪೀಕರಿನಂತೆಯೇ ಧ್ವನಿ ಸೋಸುವ ಕ್ಯಾಬಿನೆಟ್ ಸಿಮ್ಯುಲೇಟರ್. ಇಂದಿನ ಸಾಧಾರಣ ಮಲ್ಟಿ ಎಫೆಕ್ಟ್ ಪೆಡಲ್‌ಗಳಲ್ಲೂ ಈ ಸೌಲಭ್ಯವಿದೆ; ಅದನ್ನೇ ನಿಮ್ಮ ಡಿಸ್ಟಾರ್ಷನ್ ಪೆಡಲ್‌ನ ನಂತರ ಇಟ್ಟು, ಕ್ಯಾಬಿನೆಟ್ ಮಾತ್ರ ಆನ್ ಮಾಡಿದರೂ ಕೆಲಸ ನಡೆಯುತ್ತದೆ. ಎರಡನೆಯ ದಾರಿ, ಸ್ವಂತ ಚಿಕ್ಕ ಆಂಪ್ ಒಯ್ದು ಅದರ ಮುಂದೆ ಶೂರ್ ಎಸ್‌ಎಂ57ನಂಥ ಮೈಕ್ ಇಡಿಸುವುದು. ಮೈಕ್ ಸ್ಪೀಕರಿನ ನಟ್ಟನಡುವೆ ನೋಡುತ್ತಿದ್ದರೆ ಧ್ವನಿ ಚೂಪು, ಅಂಚಿನ ಕಡೆ ಸರಿಸಿದಷ್ಟೂ ಮೆತ್ತಗೆ. ಎರಡರ ನಡುವೆ ಎಲ್ಲಾದರೂ ಇಟ್ಟು ಆರಂಭಿಸಬಹುದು. ಎರಡೂ ಸಾಧ್ಯವಿಲ್ಲದ ದಿನ ಪೆಡಲ್‌ನ ಟೋನ್ ಎಂಟು ಒಂಬತ್ತು ಗಂಟೆಗಿಳಿಸಿ, ಗೇನ್ ಅರ್ಧ ಮಾಡಿ, ನಿಮ್ಮ ಚಾನೆಲ್‌ನ ಟ್ರೆಬಲ್ ಪೂರ್ತಿ ತೆಗೆಯಲು ಮಿಕ್ಸರ್‌ನವರಿಗೆ ವಿನಂತಿಸಬೇಕು. ಪೂರ್ತಿ ಸರಿಹೋಗದು, ಕಿವಿ ಚುಚ್ಚುವುದಂತೂ ತಪ್ಪುತ್ತದೆ.

ಸೌಂಡ್ ಚೆಕ್‌ನಲ್ಲಿ ಮೊದಲು ಕ್ಲೀನ್, ಆಮೇಲೆ ಪೆಡಲ್ ಆನ್ ಮಾಡಿ, ಕೊನೆಗೆ ಸೋಲೊ ಭಾಗ ನುಡಿಸಿ, ಮೂರರ ಮಟ್ಟವನ್ನೂ ಮಿಕ್ಸರ್‌ನವರಿಗೆ ಕೇಳಿಸಬೇಕು. ಹಾಗೆ ಮಾಡದಿದ್ದರೆ ಮೊದಲ ಡಿಸ್ಟಾರ್ಷನ್ ಭಾಗ ಬಂದೊಡನೆ ಅವರು ನಿಮ್ಮ ಫೇಡರ್ ಇಳಿಸುತ್ತಾರೆ, ಮತ್ತೆ ಏರಿಸುವುದು ಅನುಮಾನ. ಸೋಲೊಗೆ ಧ್ವನಿ ಮುಂದೆ ಬರಬೇಕೆಂದು ಗೇನ್ ಏರಿಸಿದರೆ ಅದು ಇನ್ನಷ್ಟು ಹಿಂದೆ ಸರಿಯುತ್ತದೆ. ಏರಬೇಕಾದದ್ದು ಲೆವೆಲ್ ಮತ್ತು ಮಿಡಲ್.

ಜನರೇಟರ್ ಮೇಲೆ ನಡೆಯುವ ಬಯಲು ಕಾರ್ಯಕ್ರಮಗಳಲ್ಲಿ ಆಂಪ್, ಪೆಡಲ್‌ಗಳ ಪ್ಲಗ್ ಮತ್ತು ಮಿಕ್ಸರ್‌ನ ಪ್ಲಗ್ ಒಂದೇ ಬೋರ್ಡಿನಿಂದ ಬರುವಂತೆ ನೋಡಿಕೊಳ್ಳಬೇಕು. ಹಾಡುತ್ತಾ ನುಡಿಸುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಕೈ ತಂತಿಯ ಮೇಲೆ, ತುಟಿ ಮೈಕ್‌ನ ಮೇಲೆ ಇರುವಾಗ ಎರಡರ ಅರ್ಥಿಂಗ್ ಬೇರೆ ಬೇರೆಯಾಗಿದ್ದರೆ ಶಾಕ್ ಹೊಡೆಯುತ್ತದೆ. ನುಡಿಸುವ ಮೊದಲು ಟೆಸ್ಟರ್‌ನ ತುದಿಯನ್ನು ತಂತಿಗೂ ಮೈಕ್‌ನ ಜಾಲರಿಗೂ ಮುಟ್ಟಿಸಿ ನೋಡಿ. ದೀಪ ಬೆಳಗಿದರೆ ಎಲೆಕ್ಟ್ರಿಷಿಯನ್ ಬಂದು ಸರಿಪಡಿಸುವವರೆಗೆ ವೇದಿಕೆ ಏರಬಾರದು, ಬೆಳಗದಿದ್ದರೂ ಕೈ ಜುಮ್ಮೆಂದರೆ ಅದೇ ನಿಯಮ. ಮುಗಿದ ಮೇಲೆ ಮಿಕ್ಸರ್‌ನಲ್ಲಿ ನಿಮ್ಮ ಚಾನೆಲ್ ಮ್ಯೂಟ್ ಮಾಡಿದ್ದಾರೆಂದು ಖಚಿತಪಡಿಸಿಕೊಂಡೇ ಪ್ಲಗ್ ಕೀಳಿ, ಪೆಡಲ್‌ನ ಇನ್‌ಪುಟ್ ಕೇಬಲ್ ಬಿಡಿಸಿ, ಮುಂದಿನ ಕಾರ್ಯಕ್ರಮ ತಿಂಗಳಾಚೆ ಇದ್ದರೆ ಬ್ಯಾಟರಿಯನ್ನೂ ತೆಗೆದಿಡಿ.